ಕಾಯಿಯ ಕೆಳಗಿನ ಕೈ

ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಬಿದ್ದುಹೋದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ನನಗಲ್ಲ, ಅವರ ಸೋದರತ್ತೆ ಮಗಳಿಗೆ. ಇದನ್ನು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಆಸ್ಪತ್ರೆಯಿಂದ ಬಂದಾಗಿನಿಂದ ನಾನು ಅವರ ಪಕ್ಕ ಬಿಟ್ಟು ಕದಲಿರಲಿಲ್ಲ. ಗಂಜಿ ಕುಡಿಸುವಾಗ ನೆತ್ತಿಗೆ ಹತ್ತೀತೆಂದು ಗಂಟಲನ್ನೇ ನೋಡುತ್ತಿದ್ದೆ. ನಿದ್ದೆ ಹೋದರೆ ಎದೆ ಏರಿಳಿಯುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಒಂದು ಸಲ ಕೆಮ್ಮಿದರೂ ಎದ್ದು ಬೆನ್ನು ಸವರುತ್ತಿದ್ದೆ. ಮಾತಾಡಿಸುತ್ತಿದ್ದರೆ ಮಾತು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ‘ರೀ, ನನ್ನ ಕರೀರಿ, ಏನಾರಾ ಅನ್ರೀ’ ಎಂದು ದಿನವೂ ಗೋಗರೆಯುತ್ತಿದ್ದೆ. ಅವರು ನನ್ನ ಮುಖ ನೋಡಿ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದರು.

ಆಗ ಬಂದಳು ಆ ಸೋದರತ್ತೆ ಮಗಳು, ನೊಣವಿನಕೆರೆ ಬಸ್ಸಿನಲ್ಲಿ. ಒಂದು ಕಾಲಕ್ಕೆ ಇವರಿಗೆ ಅವಳನ್ನೇ ತಂದುಕೊಳ್ಳಬೇಕೆಂದು ಹಿರಿಯರು ಮಾತಾಡಿದ್ದರಂತೆ. ನನ್ನ ಅತ್ತೆ ಇರುವವರೆಗೂ ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ ಅದನ್ನು ನೆನಪಿಸುತ್ತಿದ್ದರು. ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಇವರನ್ನು ‘ರೀ’ ಎಂದೇ ಕರೆಯುವುದು. ಅವಳು ಬಂದವಳೇ, ‘ಏನ್ ಭಾವ, ಹಿಂಗೆ ಮಲಗ್ಬುಟ್ಟಿದ್ದೀಯ’ ಎಂದು ಮಂಚದ ಮೇಲೆ ಕೂತೇಬಿಟ್ಟಳು.

ಕೊಬ್ಬರಿಗೆಂದು ಅಟ್ಟದ ಮೇಲೆ ಹಾಕಿದ್ದ ಕಾಯಿಗೆ ವರ್ಷವಾಗುತ್ತಾ ಬಂದಿತ್ತು. ಒಳಗಿನ ನೀರು ಪೂರ್ತಿ ಆರಿ, ತಿರುಳು ಒಣಗಿ ಗಿಟುಕಾಗಿ ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಕೊಬ್ಬರಿ ಆಯಿತೆಂದು ಅರ್ಥ. ಕಿವಿಯ ಹತ್ತಿರ ಅಲ್ಲಾಡಿಸಿ ಅದನ್ನು ಹೇಳುವುದರಲ್ಲಿ ಇವರದು ಎತ್ತಿದ ಕೈ. ಅವಳು ಅಟ್ಟದಿಂದ ಒಂದಷ್ಟು ಕಾಯಿ ಇಳಿಸಿ ತಂದು, ಒಂದನ್ನು ಇವರ ಎಡಗೈಗೆ ತುರುಕಿದಳು. ಅದು ಜಾರಿ ಮಂಚದಡಿಗೆ ಉರುಳಿತು. ಏನಾಯಿತೋ ಎಂದು ನಾನು ಅಡುಗೆಮನೆಯಿಂದ ಓಡಿಬಂದರೆ ಇಬ್ಬರೂ ನಗುತ್ತಿದ್ದರು. ಸೊಟ್ಟ ಬಾಯಿಯ ನಗು, ನನಗೆ ಒಂದು ದಿನವೂ ಸಿಗದ ನಗು. ಅವಳು ಇನ್ನೊಂದು ಕಾಯಿ ಕೊಟ್ಟಳು. ಇವರು ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ‘ಹಸಿ’ ಎಂದರು.

ನಾನು ಸಂತೋಷಕ್ಕೆ ಅಳಬೇಕಿತ್ತು. ಅತ್ತದ್ದು ನಿಜ, ಆದರೆ ಸಂತೋಷಕ್ಕಲ್ಲ. ‘ಭಾವ ಮಾತಾಡ್ದ ಕಣಕ್ಕ’ ಎಂದು ಅವಳು ನನ್ನ ಕೈ ಹಿಡಿದು ಕುಣಿಯುತ್ತಿದ್ದರೆ, ನಾನು ‘ಬಸ್ಸಿಗೆ ಹೊತ್ತಾಗಲ್ವೇನೇ’ ಎಂದು ಕೇಳಿದೆ.

ಮಾರನೆಯ ದಿನ ಮಂಡಿನೋವು ಲೆಕ್ಕಿಸದೆ ನಾನೇ ಅಟ್ಟ ಹತ್ತಿದೆ. ಒಳ್ಳೆಯ ಕಾಯಿಗಳನ್ನೇ ಆರಿಸಿ ತಂದು ಒಂದನ್ನು ಕೊಟ್ಟೆ. ಇವರು ತೆಗೆದುಕೊಂಡರು, ನನ್ನ ಮುಖ ನೋಡಿದರು, ವಾಪಸು ಕೊಟ್ಟರು. ಇನ್ನೊಂದು ಕೊಟ್ಟರೆ ಕಿವಿಗೆ ಒಯ್ಯದೆ ಕೈಯಲ್ಲೇ ಹಿಡಿದುಕೊಂಡು ಕೂತರು. ನನಗೆ ರೇಗಿಹೋಯಿತು.

‘ಅವಳು ಕೊಟ್ರೆ ಆಯ್ತದೆ, ನಾನು ಕೊಟ್ರೆ ಆಗಲ್ವಾ? ಅವಳನ್ನೇ ಕಟ್ಕೋಬೇಕಿತ್ತು, ಬುಡಿ’ ಎಂದೆ. ಹಾಸಿಗೆ ಹಿಡಿದ ಗಂಡನಿಗೆ ಆಡುವ ಮಾತೇ ಅದು? ಆಡಿಬಿಟ್ಟೆ.

ಅವರು ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ನನ್ನ ಕೈ ಹಿಡಿದರು. ಆಗ ನೋಡಿಕೊಂಡೆ. ಕಾಯಿ ಬಿದ್ದರೆ ಹಿಡಿಯೋಣವೆಂದು ಅದರ ಕೆಳಗೆ ನಾನು ಒಡ್ಡಿದ್ದ ಬೊಗಸೆ ಇನ್ನೂ ಹಾಗೆಯೇ ಇತ್ತು. ಗಂಜಿ ಕುಡಿಸುವಾಗ ಗದ್ದದ ಕೆಳಗೆ, ನಡೆಸುವಾಗ ಕಂಕುಳ ಕೆಳಗೆ, ಎಲ್ಲ ಕಡೆಯೂ ಇದೇ ಕೈ. ಅವರು ಅದನ್ನು ಸರಿಸಿ ನನ್ನ ಮಡಿಲಲ್ಲಿ ಇಟ್ಟರು. ಮತ್ತೆ ಕಾಯಿ ಎತ್ತಿ ಕಿವಿಗೆ ಹಿಡಿಯಹೋದರು. ಅದು ಜಾರಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು.

‘ಬುಡೇ’ ಎಂದರು, ಮೊದಲಿನ ಹಾಗೇ ಗದರಿ.

ಕಾಯಿ ಉರುಳಿಕೊಂಡು ಹೊಸ್ತಿಲವರೆಗೂ ಹೋಯಿತು. ನಾನು ಏಳಲಿಲ್ಲ.

ಸಂಜೆ ಅವಳ ಫೋನು ಬಂತು. ‘ಭಾವ ಆಮೇಲೆ ಏನಾರಾ ಮಾತಾಡಿದ್ನಾ ಅಕ್ಕ?’

‘ನಿಂಗೆ ಬರೀ ಹಸಿ ಅಂದ್ರು’ ಎಂದೆ. ‘ನನ್ನ ಬೈದ್ರು ಕಣೇ.’