ಸದ್ದು ನಿಂತ ಬೀದಿಯಲ್ಲಿ ಕಿವಿಯಕ್ಕ

ಬೆಳಗಿನ ಐದು ಗಂಟೆ. ಊರು ಇನ್ನೂ ಮಗ್ಗುಲು ಬದಲಿಸುತ್ತಿದೆ. ಮೂಲೆಯ ಬ್ರೆಡ್ ಅಂಗಡಿಯ ಬಾಗಿಲು ಮೊಣಕಾಲಿನಷ್ಟು ಎದ್ದು ಅಲ್ಲೇ ತೂಕಡಿಸುತ್ತಿದೆ. ನಡುಬೀದಿಯಲ್ಲಿ ಒಬ್ಬ ಹೆಂಗಸು ಸೊಂಟ ಬಗ್ಗಿಸಿ, ಕಣ್ಣು ಮುಚ್ಚಿ ನಿಂತಿದ್ದಾರೆ. ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಸಲಾಕೆ, ಅದರ ಮೇಲ್ತುದಿಗೆ ಮರದ ಪುಟ್ಟ ಬಟ್ಟಲು. ಕೆಳತುದಿ ನೆಲದೊಳಗಿನ ನೀರಿನ ವಾಲ್ವಿನ ಮೇಲೆ, ಬಟ್ಟಲು ಬಲಗಿವಿಯ ಮೇಲೆ. ಉಸಿರು ಬಿಗಿಹಿಡಿದು ಹತ್ತು ಎಣಿಸುತ್ತಾರೆ. ಆಮೇಲೆ ಸಲಾಕೆ ಎತ್ತಿ, ಬಲಗಾಲಿನ ಹಿಮ್ಮಡಿಯಿಂದ ನೆಲಕ್ಕೆ ಮೂರು ಸಲ ಗುದ್ದುತ್ತಾರೆ. ನೆಲ ಗಟ್ಟಿಯಾಗಿ ಮಾರುತ್ತರ ಕೊಟ್ಟರೆ ಮುಂದಿನ ವಾಲ್ವಿಗೆ ನಡೆಯುತ್ತಾರೆ.

ಈ ಹಿಮ್ಮಡಿ ಗುದ್ದುವ ಅಭ್ಯಾಸ ಹೊಸದು. ಶುರುವಾಗಿ ಐದು ವಾರವಾಯಿತು.

ಇವರನ್ನು ಎಲ್ಲರೂ ಕರೆಯುವುದು ಕಿವಿಯಕ್ಕ ಎಂದೇ. ಕೆಲಸ, ನೆಲದಡಿಯ ಕೊಳವೆ ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವುದು. ಯಂತ್ರಗಳೂ ಇವೆ. ಆದರೆ ಅವು ಕೆಟ್ಟು ಕೂತಾಗ, ಗೊಂದಲದ ಉತ್ತರ ಕೊಟ್ಟಾಗ ನೀರು ಸರಬರಾಜು ಕಚೇರಿಯವರು ಹುಡುಕುವುದು ಈ ಬಟ್ಟಲನ್ನೇ. ಅದು ಅವರ ಮಾವನವರದು. ವಾಲ್ವ್ ತಿರುಗಿಸುವ ಕೆಲಸದಲ್ಲಿದ್ದ ಮಾವ ಸೊಸೆಯ ಕಿವಿ ಎಷ್ಟು ಚುರುಕು ಎಂಬುದನ್ನು ಮದುವೆಯಾದ ವಾರದಲ್ಲೇ ಕಂಡುಕೊಂಡರಂತೆ. "ಅಡುಗೆಮನೆ ನಲ್ಲಿ ತೊಟ್ಟಿಕ್ತಾ ಇದೆ ಅಂದೆ. ಮಾವ ಹೋಗಿ ನೋಡಿ ಬಂದು, ನಮ್ಮದಲ್ಲಮ್ಮ, ಕೆಳಗಿನ ಮನೇದು ಅಂದ್ರು. ಮಾರನೇ ದಿನಾನೇ ಈ ಕೋಲು ಕೈಗೆ ಕೊಟ್ರು," ಎಂದು ನಗುತ್ತಾರೆ.

ಇಪ್ಪತ್ಮೂರು ವರ್ಷವಾಯಿತು. ದಿನಕ್ಕೆ ನೂರ ಅರವತ್ತು ವಾಲ್ವು, ಏಳು ಕಿಲೋಮೀಟರ್ ನಡಿಗೆ, ಮೂರೇ ಗಂಟೆ. ಎಂಟಾಯಿತೆಂದರೆ ವಾಹನಗಳ ಗದ್ದಲದಲ್ಲಿ ನೆಲದ ಮಾತು ಮುಳುಗಿಹೋಗುತ್ತದೆ. ಹಿಡಿದುಕೊಟ್ಟ ಸೋರಿಕೆಗಳು ಆರು ಸಾವಿರ ದಾಟಿವೆ. ಹಾಗಿದ್ದೂ ಈ ಊರಿಗೆ ಹೊರಟ ನೂರು ಕೊಡ ನೀರಿನಲ್ಲಿ ಮನೆ ಮುಟ್ಟುವುದು ಅರವತ್ತೆರಡು. ಉಳಿದ ಮೂವತ್ತೆಂಟು ಕೊಡ ದಾರಿಯಲ್ಲೇ ಮಣ್ಣುಪಾಲು. ಇನ್ನೂ ದೂರದ ನದಿಯಿಂದ ನೀರು ತರುವ ಯೋಜನೆ ಕಾಗದದ ಮೇಲೆ ತಯಾರಾಗಿದೆ. ಕಿವಿಯಕ್ಕನಿಗೆ ಅದು ಅರ್ಥವಾಗುವುದಿಲ್ಲ. "ತೂತು ಬಿದ್ದ ಬಿಂದಿಗೆಗೆ ಹೊಸ ಬಾವಿ ಯಾಕೆ? ಮೊದಲು ತೂತು ಮುಚ್ಚೋಣ. ಊರು ಮೇಲಕ್ಕೆ ಬೆಳೀತು, ಹದಿನೆಂಟು ಅಂತಸ್ತು. ಕೆಳಗೆ ಮಾತ್ರ ನಮ್ಮ ಮಾವನ ಕಾಲದ ಕೊಳವೆ. ಹದಿನೆಂಟನೇ ಅಂತಸ್ತಿಗೆ ಏರಲಿ ಅಂತ ಮೇಲಿಂದ ಜೋರಾಗಿ ಒತ್ತಿದ್ರೆ ಪಾಪ ಅದು ಏನು ಮಾಡುತ್ತೆ?"

ಮನೆ ಎರಡು ಕೋಣೆಯದು, ಮೂರನೇ ಮಹಡಿಯಲ್ಲಿ. ಅಲ್ಲಿ ಎಲ್ಲವೂ ಮೆಲ್ಲಗೆ. ಬಾಗಿಲ ಚೌಕಟ್ಟಿಗೆ ಹಳೇ ಬಟ್ಟೆಯ ಪಟ್ಟಿ. ಕುಕ್ಕರ್ ಕೂಗುವ ಮೊದಲೇ ಒಲೆ ಆರುತ್ತದೆ. ಬಟ್ಟೆ ಹೊಲಿಯುವ ಗಂಡ ತಮ್ಮ ಯಂತ್ರವನ್ನು ಹೊರಗಿನ ಓಣಿಗೆ ಹಾಕಿಕೊಂಡು ವರ್ಷಗಳಾದವು. "ಇವಳ ಕಿವಿಗೆ ನಾನು ಮಳೆಗಾಲದಲ್ಲೂ ಹೊರಗೇ," ಎಂದು ಅವರು ಗೊಣಗಿದರೆ, ಕಿವಿಯಕ್ಕ, "ಗೊರಕೆಗೆ ಮಾತ್ರ ಒಳಗೆ ಬಿಟ್ಟಿದೀನಲ್ಲ," ಎನ್ನುತ್ತಾರೆ. ಅತ್ತೆಗೆ ಕಿವಿ ಕೇಳುವುದಿಲ್ಲ. ಇಬ್ಬರ ಮಾತೂ ಅವರಿಗೆ ಒಂದೇ, ಎರಡಕ್ಕೂ ಸಮನಾಗಿ ತಲೆಯಾಡಿಸುತ್ತಾರೆ.

ಐದು ವಾರದ ಹಿಂದಿನ ಆ ಬೆಳಗಿನ ಸುದ್ದಿ ಬಂದರೆ ಮಾತ್ರ ಈ ಮನೆಯ ನಗು ಪಕ್ಕನೆ ಆರುತ್ತದೆ.

ಆ ಬೀದಿ ಉದ್ದವೇನಲ್ಲ. ಒಂದು ತುದಿಯಲ್ಲಿ ಹದಿನೆಂಟು ಅಂತಸ್ತಿನ ಹೊಸ ಕಟ್ಟಡ, ಇನ್ನೊಂದು ತುದಿಯಲ್ಲಿ ಹಳೆಯ ಶಿಶುವಿಹಾರ. ಶಿಶುವಿಹಾರದ ಗೇಟಿನ ಮುಂದೆ ನೆಲದಡಿಯಲ್ಲಿ ಸೋರಿಕೆಯೊಂದು ಮೂರು ತಿಂಗಳಿಂದ ಹಾವಿನ ಹಾಗೆ ಬುಸುಗುಡುತ್ತಿತ್ತು. ಕಿವಿಯಕ್ಕ ನಾಲ್ಕು ಸಲ ಬರೆದುಕೊಟ್ಟಿದ್ದರು. ಐದನೇ ಸಲ ಹೋದಾಗ ಬುಸುಗಾಟ ನಿಂತಿತ್ತು. ಅಂತೂ ಯಾರೋ ಬಂದು ಸರಿಮಾಡಿದರಲ್ಲ ಎಂದು ಅವರಿಗೆ ಹಿಗ್ಗು. ಕಚೇರಿಯ ಪಟ್ಟಿಯಲ್ಲಿ ಇರುವುದು ಎರಡೇ ಕಾಲಂ: 'ಸದ್ದು ಇದೆ', 'ಸದ್ದು ಇಲ್ಲ'. ಎರಡನೆಯದರಲ್ಲಿ ಗುರುತು ಹಾಕಿದರು. ಗೇಟಿನಲ್ಲಿದ್ದ ಆಯಾಗೂ, "ಇನ್ನು ಚಿಂತೆ ಇಲ್ಲ ಬಿಡಿ," ಎಂದರು. ಕಚೇರಿಯಲ್ಲಿ ದೂರಿನ ಕಡತ ಮುಚ್ಚಿತು.

ಒಂಬತ್ತು ದಿನ ಕಳೆಯಿತು. ಮತ್ತೊಂದು ಬೀದಿಗೆ ಹೋಗಲೆಂದು ಅದೇ ದಾರಿಯಲ್ಲಿ ಬರುತ್ತಾರೆ. ಬೆಳಗಿನ ಆರೂವರೆ. ಗೇಟಿನ ಮುಂದೆ ಡಾಂಬರಿನ ಮೇಲೆ ಮಕ್ಕಳು ಸೀಮೆಸುಣ್ಣದಲ್ಲಿ ಬರೆದ ಆಟದ ಚೌಕಗಳು. ಅವುಗಳ ಮೇಲೆ ಕಾಲಿಟ್ಟೊಡನೆ ತಮ್ಮದೇ ಬೂಟಿನ ಸದ್ದು ಬೇರೆಯಾಗಿ ಕೇಳುತ್ತದೆ. ಅಟ್ಟದ ಹಲಗೆಯ ಮೇಲೆ ನಡೆದ ಹಾಗೆ. ಹಿಂದೆ ಹೋಗಿ ಮತ್ತೆ ತುಳಿಯುತ್ತಾರೆ. ಅದೇ ಸದ್ದು. ಆಯಾ ಗೇಟಿನ ಬೀಗ ತೆಗೆಯುತ್ತಿದ್ದಾಳೆ.

"ಇಲ್ಲಿ ಅಗೆಯೋಕೆ ಬಂದವರು ಯಾವತ್ತು ಬಂದಿದ್ರಮ್ಮ?"

"ಯಾರು ಬಂದ್ರು? ಯಾರೂ ಬಂದಿಲ್ಲಪ್ಪ. ನೀವೇ ಅಂದ್ರಲ್ಲ ಚಿಂತೆ ಇಲ್ಲ ಅಂತ."

ಕಿವಿಯಕ್ಕ ಚೌಕಗಳಿಂದ ಹಿಂದಕ್ಕೆ ಸರಿಯುತ್ತಾರೆ. ಸೋರುವ ನೀರು ಸುತ್ತಲ ಮಣ್ಣಿಗೆ ಬಡಿದರೆ ಸದ್ದು. ಬಡಿಯಲು ಮಣ್ಣೇ ಉಳಿಯದಿದ್ದರೆ? ಸೋರಿಕೆ ವಾಸಿಯಾಗಿರಲಿಲ್ಲ. ಅದು ಮಣ್ಣನ್ನೆಲ್ಲ ತಿಂದು ಮುಗಿಸಿ, ಹಳೆಯ ಚರಂಡಿಗೆ ದಾರಿ ಮಾಡಿಕೊಂಡು, ಸುಮ್ಮನೆ ಹರಿದುಹೋಗುತ್ತಿತ್ತು. "ಇಪ್ಪತ್ಮೂರು ವರ್ಷ ಸದ್ದಿಗೆ ಹೆದರಿದೋಳು ನಾನು," ಎನ್ನುತ್ತಾರೆ. "ಸದ್ದು ಇಲ್ಲದ್ದಕ್ಕೆ ಹೆದರಬೇಕು ಅಂತ ಆವತ್ತು ಗೊತ್ತಾಯ್ತು."

ಏಳು ಗಂಟೆಗೆ ಹೊಸ ಕಟ್ಟಡಕ್ಕೆ ನೀರು ಹೊತ್ತ ಟ್ಯಾಂಕರ್ ಬರುತ್ತದೆ, ಈ ಗೇಟಿನ ಮುಂದೆಯೇ. ಎಂಟಕ್ಕೆ ನಲವತ್ತು ಮಕ್ಕಳು, ಅವರ ಅಮ್ಮಂದಿರು. ಕಿವಿಯಕ್ಕ ಕಚೇರಿಯ ಸಾಹೇಬರಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಕಾಗದ ಮಗುಚುವ ಸದ್ದು. "ನೀವೇ ಸದ್ದು ಇಲ್ಲ ಅಂತ ಬರೆದಿದೀರಲ್ಲಮ್ಮ. ನಿಮ್ಮದೇ ಸಹಿ ಇದೆ."

"ನಾನು ಬರೆದಿದ್ದು ತಪ್ಪು ಸರ್. ಹಾಗಂತಲೇ ಬರ್ಕೊಳ್ಳಿ. ಬೇಗ ಬನ್ನಿ."

ಆಯಾಳನ್ನು ಗೇಟಿನ ಒಳಗೇ ನಿಲ್ಲಿಸಿ, "ಯಾವ ಮಗೂನೂ ಈ ಕಡೆಯಿಂದ ಬಿಡ್ಬೇಡ, ಹಿಂದಿನ ಬಾಗಿಲು ತೆಗಿ," ಎನ್ನುತ್ತಾರೆ. ದಣಿದಾಗ ಕೂರಲೆಂದು ಹೆಗಲಿಗೆ ನೇತುಹಾಕಿಕೊಂಡಿದ್ದ ಮಡಚುವ ಸ್ಟೂಲನ್ನು ಚೌಕಗಳ ಅಂಚಿನಲ್ಲಿಟ್ಟು ಅದಕ್ಕೊಂದು ಕೆಂಪು ಬಟ್ಟೆ ಕಟ್ಟುತ್ತಾರೆ. ಆಮೇಲೆ ಹತ್ತು ಹೆಜ್ಜೆ ಈಚೆ ಬಂದು, ಬರುತ್ತಿದ್ದ ಟ್ಯಾಂಕರಿನ ಎದುರು ಸಲಾಕೆಯನ್ನು ಅಡ್ಡ ಹಿಡಿದು ನಿಲ್ಲುತ್ತಾರೆ.

ಚಾಲಕ ತಲೆ ಹೊರಹಾಕುತ್ತಾನೆ. "ಏನಕ್ಕ, ರಸ್ತೆಗೆ ಜ್ವರ ನೋಡ್ತಾ ಇದೀರಾ?"

"ಜ್ವರ ಅಲ್ಲಪ್ಪ. ನಾಡಿಯೇ ಸಿಗ್ತಿಲ್ಲ. ಹಿಂದಕ್ಕೆ ತಗೋ."

"ಮೇಲೆ ಜನ ಸೋಪು ಹಚ್ಕೊಂಡು ನಿಂತಿದಾರೆ ಅಕ್ಕ. ಅವರ ಬೈಗುಳ ನೀವು ತಿಂತೀರಾ?"

"ತಿಂತೀನಿ. ಹಿಂದಕ್ಕೆ ತಗೋ."

ಅವನ ಹಿಂದೆ ಕಾರುಗಳು, ಅವುಗಳ ಹಿಂದೆ ಇನ್ನಷ್ಟು ಕಾರುಗಳು. ಹಾರನ್ನುಗಳು ಶುರು. ಊರಿನ ಅತಿ ಸೂಕ್ಷ್ಮ ಕಿವಿ ಆ ಗದ್ದಲದಲ್ಲಿ ಏನನ್ನೂ ಕೇಳಲಾರದೆ ನಿಂತಿದೆ. ಕೆಲಸವಿಲ್ಲದ ಹೆಂಗಸು ಎಂದವರಿದ್ದಾರೆ. ತಲೆ ಸರಿ ಇಲ್ಲ ಎಂದವರೂ ಇದ್ದಾರೆ. ತಾವು ತಪ್ಪಾಗಿದ್ದರೆ ಕೆಲಸ ಹೋಗುತ್ತದೆ, ಆದರೂ ತಪ್ಪಾಗಿರಲಿ ಎಂದೇ ಆ ಹೊತ್ತು ಮನಸ್ಸು ಹಾರೈಸುತ್ತಿತ್ತು ಎನ್ನುತ್ತಾರೆ. ನಲವತ್ತು ನಿಮಿಷ ಹಾಗೇ ನಿಂತರು.

ಏಳೂ ನಲವತ್ತಕ್ಕೆ ರಸ್ತೆ ಕೆಳಗಿಳಿಯಿತು.

ಸ್ಫೋಟವಿಲ್ಲ, ಗುಡುಗಿಲ್ಲ. ದಣಿದವರು ಕೂರುವಾಗ ಬಿಡುವಂಥ ಒಂದು ಉಸಿರು, ಅಷ್ಟೇ. ಕೆಂಪು ಬಟ್ಟೆಯ ಸ್ಟೂಲು ಇದ್ದ ಜಾಗದಲ್ಲಿ ಇಲ್ಲ. ಸೀಮೆಸುಣ್ಣದ ಚೌಕಗಳಿಲ್ಲ. ಬೀದಿದೀಪದ ಕಂಬ ಬುಡದಿಂದ ಬಾಗಿ ಒಳಗೆ ಜಾರಿತು. ಶಿಶುವಿಹಾರದ ಕಾಂಪೌಂಡು ಗೋಡೆ ಕೆಳಗೆ ಆಧಾರವಿಲ್ಲದೆ ಗಾಳಿಯಲ್ಲಿ ನಿಂತಿತ್ತು. ಆಮೇಲೆ ಅಳೆದವರು ಹೇಳಿದರು: ಎರಡಾಳು ಆಳ, ಟ್ಯಾಂಕರ್ ಮಲಗಿದರೂ ಮಿಗುವಷ್ಟು ಉದ್ದ. ಮೇಲಿದ್ದ ಡಾಂಬರು ನಾಲ್ಕು ಬೆರಳು ದಪ್ಪ. ಹಿಂದಿನ ಸಂಜೆ ಅದರ ಮೇಲೆ ಮಕ್ಕಳು ಕುಂಟುತ್ತ ಆಡಿದ್ದರು.

ಹಾರನ್ನುಗಳು ಒಂದೊಂದಾಗಿ ನಿಂತವು. ಆ ನಿಶ್ಶಬ್ದದಲ್ಲಿ ಕಿವಿಯಕ್ಕನಿಗೆ ಕೇಳಿಸಿದ್ದು ಹೊಂಡದ ತಳದಲ್ಲಿ ಹಾಯಾಗಿ ಹರಿಯುತ್ತಿದ್ದ ನೀರು. ಚಾಲಕ ಕೆಳಗಿಳಿದು ಬಂದು ಅಂಚಿನಿಂದ ದೂರದಲ್ಲೇ ಕುಕ್ಕರಗಾಲಲ್ಲಿ ಕೂತ. ಅಲ್ಲಿಂದಲೇ ಕೇಳಿದ: "ಅಕ್ಕ, ದಿನಾ ಇದರ ಮೇಲೇನಾ ನಾನು ಹೋಗ್ತಿದ್ದಿದ್ದು?"

ಜನ ಹೊಗಳಲು ಬಂದರು. ಕಿವಿಯಕ್ಕ ಹೊಗಳಿಕೆಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. "ಒಂಬತ್ತು ದಿನ ಆ ಮಕ್ಕಳು ಅಲ್ಲಿ ಆಡಿದ್ದು ನಾನು ಹಾಕಿದ ಗುರುತಿನ ಮೇಲೆ. ಅದನ್ನ ಯಾರೂ ಕೇಳ್ತಾ ಇಲ್ಲ," ಎನ್ನುತ್ತಾರೆ. ಅಂದು ಮನೆಗೆ ಹೋದವರು ಉಣ್ಣಲಿಲ್ಲ. ಹಳೆಯ ಪಟ್ಟಿಗಳ ಪ್ರತಿಗಳನ್ನೆಲ್ಲ ಹಾಸಿಗೆಯ ಮೇಲೆ ಹರವಿ, ಯಾರೂ ದುರಸ್ತಿ ಮಾಡದೆ ತಾನಾಗಿ ಸದ್ದು ನಿಂತ ಜಾಗಗಳನ್ನು ಹುಡುಕಿದರು. ಗಂಡ ಹೊಲಿಗೆಯ ಬಣ್ಣದ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದರು. ನಲವತ್ತೊಂದು ಸಿಕ್ಕವು. ಒಂದು ಬಸ್ ನಿಲ್ದಾಣದ ಮುಂದಿದೆ. ಒಂದು ಆಸ್ಪತ್ರೆಯ ತಿರುವಿನಲ್ಲಿ. ಇನ್ನೊಂದು, ಅವರದೇ ಮನೆಯ ಕೆಳಗಿನ ಓಣಿಯಲ್ಲಿ.

ಇಪ್ಪತ್ತೆರಡನ್ನು ಈಗಾಗಲೇ ಅಗೆದು ನೋಡಲಾಗಿದೆ. ಏಳರ ಕೆಳಗೆ ಮಣ್ಣಿರಲಿಲ್ಲ. ಹತ್ತೊಂಬತ್ತು ಬಾಕಿ ಇವೆ. ದಿನದ ನೂರ ಅರವತ್ತು ವಾಲ್ವಿನ ಜೊತೆ ಕಿವಿಯಕ್ಕ ಆ ಹತ್ತೊಂಬತ್ತನ್ನೂ ದಿನಾ ಮುಟ್ಟಿ ಬರುತ್ತಾರೆ, ಹಿಮ್ಮಡಿ ಗುದ್ದಿ, ತಲೆ ಓರೆಮಾಡಿ.

ಹೊಸ ಯಂತ್ರ ಬೇಕೇ, ಸಹಾಯಕರು ಬೇಕೇ ಎಂದು ಸಾಹೇಬರು ಕೇಳಿದರಂತೆ. ಕಿವಿಯಕ್ಕ ಕೇಳಿಕೊಂಡದ್ದು ಪಟ್ಟಿಯಲ್ಲಿ ಮೂರನೆಯ ಕಾಲಂ. ಪಟ್ಟಿ ಮೇಲಿನ ಕಚೇರಿಯಲ್ಲಿ ಅಚ್ಚಾಗುತ್ತದೆ, ಬದಲಿಸಲು ಸಮಯ ಹಿಡಿಯುತ್ತದೆ ಎಂಬ ಉತ್ತರ ಬಂತು. ಅದಕ್ಕೇ ದಿನಾ ಬೆಳಗ್ಗೆ ಹೊರಡುವ ಮೊದಲು, ಅಡುಗೆಮನೆಯ ಕಟ್ಟೆಯ ಮೇಲೆ ಪಟ್ಟಿ ಇಟ್ಟು, ಗಂಡನ ಅಳತೆಕೋಲಿನಿಂದ ಅಂಚಿನ ಖಾಲಿ ಜಾಗದಲ್ಲಿ ತಾವೇ ಒಂದು ಗೆರೆ ಎಳೆಯುತ್ತಾರೆ. ಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆಯುತ್ತಾರೆ: 'ಮೊದಲು ಇತ್ತು, ಈಗ ಇಲ್ಲ.'

"ಇದು ಅಚ್ಚಾಗಿ ಬರಲಿ ಅಂತ ಆಸೆ," ಎನ್ನುತ್ತಾರೆ ಕಿವಿಯಕ್ಕ, ಸಲಾಕೆ ಹೆಗಲಿಗೇರಿಸುತ್ತ. "ನಾನು ಇಲ್ಲದ ಕಾಲಕ್ಕೂ, ಒಂದು ಕಡೆ ಸದ್ದು ನಿಂತ್ರೆ, ಯಾಕೆ ನಿಂತಿತು ಅಂತ ಯಾರಾದ್ರೂ ಒಬ್ಬರು ಹೋಗಿ ಕೇಳ್ಬೇಕು."