ಡರ್ಕ್ ಮಾವನ ದಂತಾಳ

ನಮ್ಮ ಆಖ್ಟರ್‌ಹುಕ್ ಸೀಮೆಯಲ್ಲಿ ಯಾರಾದರೂ ಸತ್ತರೆ ಒಳ್ಳೆಯವನಿದ್ದ ಎನ್ನುವುದಿಲ್ಲ, ಅಚ್ಚುಕಟ್ಟಾಗಿದ್ದ ಎನ್ನುತ್ತಾರೆ. ಆ ಪ್ರಕಾರ ಡರ್ಕ್ ವೆಸ್ಸೆಲಿಂಕ್ ಬದುಕಿರುವಾಗಲೇ ಸ್ವರ್ಗದಲ್ಲಿ ಜಾಗ ಹಿಡಿದವನು. ವಯಸ್ಸು ಅರವತ್ತೊಂಬತ್ತು, ಹಾಲಿನ ಡೇರಿಯಿಂದ ನಿವೃತ್ತ, ಹೆಂಡತಿ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಅವನು ಮತ್ತು ಬೆಲ್ಲೆ ಎಂಬ ಇಪ್ಪತ್ತಮೂರು ವರ್ಷದ ಹೆಣ್ಣು ಕುದುರೆ. ಇಬ್ಬರಿಗೂ ಮಂಡಿನೋವು. ನಾನು ಪಕ್ಕದ ಮನೆಯ ತ್ರೂಸ್. ಚಿಕ್ಕಂದಿನಿಂದ ಮಾವ ಎಂದು ಕರೆದವಳು, ಹಾಗಾಗಿ ಬೈಯುವ ಹಕ್ಕೂ ನನಗಿದೆ.

ಮನೆಗಳ ಹಿಂದಿನ ಎಲ್ಜೆನ್‌ಹೋರ್ಸ್ಟ್ ಉದ್ಯಾನದಲ್ಲಿ ಕುದುರೆಗಳಿಗೆಂದೇ ಒಂದು ಕಿಲೋಮೀಟರಿನ ಮರಳುದಾರಿ ಇತ್ತು. ಡಾಂಬರಿನ ಮೇಲೆ ನಾಲ್ಕು ಹೆಜ್ಜೆ ಹಾಕಿದರೆ ಬೆಲ್ಲೆ ಕುಂಟುತ್ತಿದ್ದಳು. ಆ ಮೆತ್ತನೆಯ ಮರಳಿನಲ್ಲಿ ಮಾತ್ರ ಅವಳಿನ್ನೂ ಕುದುರೆ, ಅವನಿನ್ನೂ ಸವಾರ. ದಾರಿಯ ಉಸ್ತುವಾರಿಯನ್ನು ಮಾವ ತಾನೇ ಹೊತ್ತುಕೊಂಡಿದ್ದ. ಸಂಬಳವಿಲ್ಲ, ರಜೆಯೂ ಇಲ್ಲ. ಗುಂಡಿ ಮುಚ್ಚುವುದು, ಕೊಂಬೆ ಕಡಿಯುವುದು, ಲದ್ದಿ ಎತ್ತಿ ತನ್ನ ತೋಟಕ್ಕೆ ಹಾಕುವುದು, ಶನಿವಾರ ಬೆಳಗ್ಗೆ ಇಡೀ ದಾರಿಯನ್ನು ದಂತಾಳದಿಂದ ಬಾಚುವುದು.

ಆ ಮರದ ಹಲ್ಲಿನ ದಂತಾಳ ಅವನ ತಾಯಿಯದು. ಆಕೆ ಶನಿವಾರ ಮನೆ ಮುಂದಿನ ಮರಳಂಗಳ ಬಾಚಿ ಅಲೆ ಅಲೆಯಾಗಿ ಗೆರೆ ಎಳೆದರೆ, ಭಾನುವಾರ ಚರ್ಚಿಗೆ ಹೋಗುವ ನಾಲ್ಕು ಜನ ಅದನ್ನು ನೋಡುವವರೆಗೆ ಮನೆಯವರೆಲ್ಲ ಹಿತ್ತಿಲ ಬಾಗಿಲಲ್ಲೇ ಓಡಾಡಬೇಕಿತ್ತು. ಮಗನಿಗೂ ಅದೇ ಚಾಳಿ. ಶನಿವಾರ ಕುದುರೆ ಸಾಕಿದ ನಾವು ನೆರೆಹೊರೆಯವರು ಸವಾರಿಗೆ ಹೋದರೆ, ಈಗಷ್ಟೇ ಒರೆಸಿದ ನೆಲವನ್ನು ಕೆಸರುಗಾಲಲ್ಲಿ ತುಳಿದವರನ್ನು ನೋಡುವಂತೆ ನಮ್ಮನ್ನು ನೋಡುತ್ತಿದ್ದ. ಬೆಲ್ಲೆಯನ್ನಂತೂ ಆ ದಿನ ದಾರಿಗೆ ಇಳಿಸುತ್ತಲೇ ಇರಲಿಲ್ಲ. ಕುದುರೆದಾರಿಗೆ ಇದ್ದ ಒಂದೇ ದೋಷವೆಂದರೆ ಕುದುರೆ ಎಂದು ನಾವು ನಗುತ್ತಿದ್ದೆವು.

ಈ ಮೇ ತಿಂಗಳಲ್ಲಿ ನಗರಸಭೆಯಿಂದ ಕಾಗದ ಬಂತು. ಸೈಕಲ್ ಸಂಘದವರು ಆ ದಾರಿಯನ್ನು ತಮಗೆ ಕೊಡಿ ಎಂದು ಕೇಳಿದ್ದಾರೆ. ಕುದುರೆಗಳ ಓಡಾಟ ನಿಜಕ್ಕೂ ಇದೆಯೋ ಇಲ್ಲವೋ ನೋಡಲು ಶನಿವಾರ ಹತ್ತು ಗಂಟೆಗೆ ಅಧಿಕಾರಿ ಬರುತ್ತಾರೆ.

ಶುಕ್ರವಾರ ಸಂಜೆ ನಾವು ಹನ್ನೊಂದು ಕುದುರೆ ಹೊರಡಿಸಿದೆವು. ಹೋದದ್ದೇ ಹೋದದ್ದು, ಬಂದದ್ದೇ ಬಂದದ್ದು. ದಾರಿ ಆಲೂಗಡ್ಡೆ ಅಗೆದ ಹೊಲದ ಹಾಗಾಯಿತು. ಕುದುರೆಗಳೂ ಲದ್ದಿ ಹಾಕಲು ಜಿಪುಣತನ ಮಾಡಲಿಲ್ಲ. ಕೊನೆಗೆ ನಾನು ಡರ್ಕ್ ಮಾವನ ಬಾಗಿಲು ಬಡಿದೆ.

“ಮಾವ, ನಾಳೆ ಒಂದಿನ ದಂತಾಳ ಮುಟ್ಬೇಡ. ಹೆಜ್ಜೆ ಕಾಣ್ಲಿ, ಲದ್ದಿ ಕಾಣ್ಲಿ.”

“ಗೊತ್ತಾಯ್ತು ಹೋಗೇ. ನಂಗೇನು ತಲೆ ಕೆಟ್ಟಿದ್ಯಾ?”

“ಕೆಟ್ಟಿದೆ. ಅದಕ್ಕೇ ಹೇಳ್ತಿರೋದು. ಆಣೆ ಮಾಡು.”

“ಬೆಲ್ಲೆ ಮೇಲಾಣೆ.”

ಮರುದಿನ ಹತ್ತಕ್ಕೆ ಸರಿಯಾಗಿ ಇನೆಕೆ ಎಂಬ ಅಧಿಕಾರಿ ಬಂದಳು. ಅವಳನ್ನು ಕರೆದುಕೊಂಡು ಉದ್ಯಾನದ ಬಾಗಿಲು ದಾಟಿದವಳೇ ನಾನು ನಿಂತುಬಿಟ್ಟೆ. ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಮಲಗಿತ್ತು ದಾರಿ. ಒಂದು ಗೊರಸಿನ ಗುರುತಿಲ್ಲ. ಪಕ್ಕದಲ್ಲಿ ಒಗೆದ ಅಂಗಿ ತೊಟ್ಟ ಡರ್ಕ್ ಮಾವ, ಕೈಯಲ್ಲಿ ದಂತಾಳ, ಅಂಗೈ ತುಂಬ ಬೊಕ್ಕೆ. ಬೆಲ್ಲೆ ಬೇಲಿಯಾಚೆ ಕತ್ತು ಚಾಚಿ ನಿಂತಿದ್ದಳು.

“ಏನೋ ಮಾವ ಇದು!” ಎಂದು ಪಿಸುಗುಟ್ಟಿದೆ.

“ಸುಮ್ನೆ ನೋಡೋಣ ಅಂತ ಐದು ಗಂಟೆಗೆ ಬಂದೆ ಕಣೇ. ಬಾಗ್ಲಲ್ಲೇ ಲದ್ದಿ! ದೊಡ್ಡೋರು ಬರೋ ದಿನ ಹಾಗೇ ಬಿಡೋದಾ? ಅದಷ್ಟು ತೆಗ್ದೆ. ಅಲ್ಲಿ ಚೆನ್ನಾಗಿ ಕಂಡ್ಮೇಲೆ ಪಕ್ಕದ್ದು ಹೊಲಸಾಗಿ ಕಾಣ್ತು. ಹಾಗೇ ಹೋಗ್ತಾ ಹೋಗ್ತಾ…”

ಇನೆಕೆ ಕೇಳಿದಳು, “ಇಲ್ಲಿ ಕುದುರೆ ಓಡಾಡ್ತವಾ?”

“ದಿನಾ, ಮೇಡಂ,” ಎಂದ ಮಾವ.

“ಒಂದು ಹೆಜ್ಜೆನೂ ಕಾಣ್ತಿಲ್ವಲ್ಲ?”

ಮಾವನ ಎದೆ ಉಬ್ಬಿತು. “ಕಾಣ್ಬಾರ್ದು ಅಂತಾನೇ ಅಲ್ವಾ ಮೇಡಂ ನಾನಿರೋದು!”

“ನಿನ್ನೆ ಸಂಜೆ ಹನ್ನೊಂದು ಕುದುರೆ ಓಡ್ಸಿದೀವಿ, ಲದ್ದಿ ರಾಶಿ ಇವನ ತೋಟದಲ್ಲೇ ಇದೆ, ಬನ್ನಿ ತೋರಿಸ್ತೀನಿ,” ಎಂದೆ ನಾನು.

“ಇವ್ರ ಮನೇಲೂ ಕುದುರೆ ಇದ್ಯಲ್ಲಮ್ಮಾ. ಯಾವುದರ ಲದ್ದಿ ಅಂತ ಬರ್ಕೊಳ್ಲಿ?” ಎಂದಳು. ಅವಳು ಕೆಟ್ಟವಳಲ್ಲ. “ಸರಿ, ಈಗ ಒಂದು ಸುತ್ತು ಹೋಗಿ ತೋರ್ಸಿ. ಕಾಯ್ತೀನಿ.”

ಉಳಿದ ಕುದುರೆಗಳೆಲ್ಲ ದೂರದ ಮೇವಿನ ಬಯಲಿನಲ್ಲಿದ್ದವು, ಕೈಗೆ ಸಿಗುವಂತಿದ್ದದ್ದು ಬೆಲ್ಲೆ ಒಂದೇ. “ಕುದುರೆ ಹತ್ತು ಮಾವ!” ಎಂದು ನಾನು ಅವನ ಕೈಯಿಂದ ದಂತಾಳ ಕಿತ್ತುಕೊಂಡೆ.

ಅವನು ಬೆಲ್ಲೆಗೆ ಜೀನು ಬಿಗಿದು ಲಗಾಮು ಹಿಡಿದು ಬಂದ. ದಾರಿಯ ಅಂಚಿನಲ್ಲಿ ನಿಂತ. ಐದು ತಾಸಿನ ದುಡಿಮೆ ಮುಂದೆ ಹಾಸಿಕೊಂಡಿತ್ತು. ಬೆಲ್ಲೆ ಎತ್ತಿದ ಕಾಲನ್ನು ಅವನು ಲಗಾಮು ಜಗ್ಗಿ ಹಿಂದಕ್ಕೆ ಇಳಿಸಿದ. ನನಗೆ ಅವನನ್ನು ಹೊಡೆಯಬೇಕು ಅನ್ನಿಸಿತು, ದೇವರಾಣೆ.

“ಇವತ್ತು ಶನಿವಾರ ಮೇಡಂ,” ಎಂದ ಮೆಲ್ಲಗೆ. “ಸೋಮವಾರ ಬರ್ತೀರಾ?”

ಇನೆಕೆ ಏನೋ ಬರೆದುಕೊಂಡು ಹೊರಟುಹೋದಳು.

ಎರಡು ವಾರಕ್ಕೆ ತೀರ್ಮಾನ ಬಂತು. ನಗರಸಭೆಯ ವ್ಯಾಪ್ತಿಯಲ್ಲಿ ಇಷ್ಟು ಚೆನ್ನಾಗಿ ಇಟ್ಟ ದಾರಿ ಬೇರೊಂದಿಲ್ಲ; ಕುದುರೆಗಳ ಬಳಕೆ ಕಂಡುಬಂದಿಲ್ಲ; ಜೂನ್ ಒಂದರಿಂದ ಸೈಕಲ್‌ಗಳಿಗೆ. ಮಾವ ಮೊದಲ ಸಾಲನ್ನು ನನಗೆ ಎರಡು ಸಲ ಓದಿ ಹೇಳಿದ. ಮುಂದಿನದನ್ನು ಓದಲಿಲ್ಲ.

ಜೂನ್ ಒಂದು ಶನಿವಾರವೇ ಬಿತ್ತು. ನಾನು ಕಾಫಿ ಹಿಡಿದು ಅವನ ಮನೆಗೆ ಹೋದೆ. ಉದ್ಯಾನದ ಕಡೆಯಿಂದ ಸೈಕಲ್ ಗಂಟೆಗಳು ಕೇಳುತ್ತಿದ್ದವು. ದಂತಾಳ ಗೋಡೆಗೆ ಒರಗಿತ್ತು. ಮನೆ ಮುಂದಿನ ಅಂಗಳದಲ್ಲಿ, ಅವನ ತಾಯಿ ಗೆರೆ ಎಳೆಯುತ್ತಿದ್ದ ಅದೇ ಮರಳಿನಲ್ಲಿ, ಡರ್ಕ್ ಮಾವ ಬೆಲ್ಲೆಯ ಮೇಲೆ ಕೂತು ಸುತ್ತು ಹಾಕುತ್ತಿದ್ದ. ಹತ್ತು ಹೆಜ್ಜೆಗೊಮ್ಮೆ ತಿರುಗಬೇಕು, ಅಷ್ಟು ಚಿಕ್ಕ ಅಂಗಳ. ನೆಲ ಪೂರ್ತಿ ಗೊರಸಿನ ಗುರುತು, ನಡುವೆ ಲದ್ದಿ.

“ಮಾವ, ಇವತ್ತು ಬಾಚ್ಲಿಲ್ವಾ?” ಎಂದೆ.

“ಇರ್ಲಿ ಬಿಡು,” ಎಂದ, ಬೆಲ್ಲೆಯನ್ನು ತಿರುಗಿಸುತ್ತಾ. “ಯಾರಾದ್ರೂ ನೋಡೋಕೆ ಬಂದ್ರೆ ಕಾಣ್ಲಿ.”