ಡಬ್ಬ ತಿರುಗದ ಶನಿವಾರ

ನಾನು ಓದು ನಿಲ್ಲಿಸಿದ್ದು 1988ರಲ್ಲಿ, ಎಂಟನೇ ಕ್ಲಾಸಿನ ಅರೆವಾರ್ಷಿಕ ಪರೀಕ್ಷೆಗೆ ಹತ್ತು ದಿನ ಮುಂಚೆ. ಬಡತನದಿಂದ ನಿಲ್ಲಿಸಿದೆ ಎಂದು ಹೇಳಿಕೊಂಡರೆ ಕೇಳುವವರಿಗೆ ಅಯ್ಯೋ ಅನ್ನಿಸುತ್ತದೆ, ನನಗೂ ಒಂದು ಮರ್ಯಾದೆ. ಆದರೆ ನಮ್ಮಪ್ಪನಿಗೆ ನಾಲ್ಕು ಎಕರೆ ಹೊಲವಿತ್ತು, ಎರಡು ಎಮ್ಮೆ ಇದ್ದವು, ಮಗ ಓದಲಿ ಎಂಬ ಆಸೆಯೂ ಇತ್ತು. ಕಾರಣ ಬೇರೆ. ವಿಜ್ಞಾನದ ಮೇಷ್ಟ್ರು ಒಂದು ಪ್ರಶ್ನೆ ಕೇಳಿದರು. ಗೊತ್ತಿಲ್ಲ ಸಾರ್ ಎಂದಿದ್ದರೆ ಒಂದು ಏಟಿಗೆ ಮುಗಿಯುತ್ತಿತ್ತು. ನಾನು ಗೊತ್ತಿದ್ದವನ ಹಾಗೆ ಮೂರು ನಿಮಿಷ ಮಾತಾಡಿದೆ. ಇಡೀ ಕ್ಲಾಸು ನಕ್ಕಿತು. ಮಾರನೆಯ ದಿನದಿಂದ ನಾನು ಶಾಲೆಯ ಕಡೆ ತಲೆ ಹಾಕಲಿಲ್ಲ. ಪ್ರಶ್ನೆ ಏನೆಂಬುದು ಈಗ ಮರೆತುಹೋಗಿದೆ. ನಕ್ಕವರ ಹೆಸರು ಮಾತ್ರ ಹಾಜರಿ ಪುಸ್ತಕದ ಕ್ರಮದಲ್ಲೇ ನೆನಪಿದೆ. ಅವರಲ್ಲಿ ಇಬ್ಬರ ಮೋಟರು ಕೆಟ್ಟರೆ ಇವತ್ತಿಗೂ ನನ್ನ ಅಂಗಡಿಗೇ ಬರುತ್ತವೆ. ಅವರದ್ದನ್ನು ಎರಡು ದಿನ ತಡ ಮಾಡಿ ಕೊಡುತ್ತೇನೆ.

ನನ್ನದು ತಾಳವಾಡಿಯಲ್ಲಿ, ಅಂದರೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ಕನ್ನಡದ ಬೆಟ್ಟದಲ್ಲಿ, ಮೋಟರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಮೋಟರು ಸುಟ್ಟರೆ ಒಳಗಿನ ತಾಮ್ರದ ತಂತಿಯನ್ನೆಲ್ಲ ಕಿತ್ತು, ಹೊಸ ತಂತಿಯನ್ನು ಎಣಿಸಿ ಸುತ್ತಿ, ವಾರ್ನಿಷ್ ಹೊಡೆದು, ಒಣಗಿಸಿ ಕೊಡುವ ಕೆಲಸ. ಸತ್ಯಮಂಗಲದಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ನಾಲ್ಕು ವರ್ಷ ಕಲಿತು ಬೆಟ್ಟ ಹತ್ತಿ ಬಂದೆ. ಗೆಟ್ಟವಾಡಿಯಿಂದ ತಾಳಮಲೆಯವರೆಗೆ 'ವೈಂಡಿಂಗ್ ಮಲ್ಲಣ್ಣ' ಎಂದರೆ ಗೊತ್ತು. ಈ ಬೆಟ್ಟದಲ್ಲಿ ಬೆಳೆಯುವ ಎಲೆಕೋಸಿನಲ್ಲಿ ಅರ್ಧ ನನ್ನ ತಂತಿ ಎತ್ತಿಕೊಟ್ಟ ನೀರು ಕುಡಿದದ್ದು ಎಂದು ಹೇಳಿಕೊಳ್ಳುತ್ತೇನೆ. ಪೂರ್ತಿ ನನ್ನದೇ ಎಂದು ಹೇಳುವ ದಿನಗಳೂ ಉಂಟು.

ಮೇಷ್ಟ್ರುಗಳ ಬಗ್ಗೆ ನನಗೊಂದು ಅಭಿಪ್ರಾಯವಿತ್ತು, ಅದನ್ನು ಕೇಳದವರಿಗೂ ಹೇಳುತ್ತಿದ್ದೆ. ಇವರು ಪಾಠ ಹೇಳುವುದಕ್ಕಿಂತ ಪಾಠ ಕೇಳಲು ಹೋಗುವುದೇ ಹೆಚ್ಚು ಎಂದು. ಆಗಾಗ 'ಪಯಿರ್ಚಿ' ಎಂದು ಬ್ಯಾಗು ಹಿಡಿದು ಬಸ್ ಸ್ಟಾಂಡಿನಲ್ಲಿ ನಿಂತಿರುತ್ತಾರೆ. ತರಬೇತಿಗೆ ತಮಿಳಿನ ಮಾತು ಅದು. ಕಚೇರಿಯ ಸಂಗತಿಗಳೆಲ್ಲ ನಮ್ಮ ಬೆಟ್ಟವನ್ನು ತಮಿಳಿನಲ್ಲೇ ಹತ್ತಿ ಬರುತ್ತವೆ. ಕಲಿತ ಕಸುಬನ್ನು ಮತ್ತೆ ಮತ್ತೆ ಕಲಿಯಲು ಹೋಗುವುದು ಬೇರೆ ಯಾವ ಕಸುಬಿನಲ್ಲಿದೆ ಎಂದು ನಾನು ಕೇಳುತ್ತಿದ್ದೆ. ಕತ್ತರಿ ಹಿಡಿಯುವುದನ್ನು ಕಲಿತ ಕ್ಷೌರಿಕ ಮತ್ತೆ ಈರೋಡಿಗೆ ಹೋಗಿ ಕತ್ತರಿ ಹಿಡಿಯುವುದನ್ನು ಕಲಿಯುತ್ತಾನೆಯೇ? ನನಗಾದರೆ ಕರೆಂಟೇ ತರಬೇತಿ ಕೊಡುತ್ತದೆ. ತಪ್ಪು ತಂತಿ ಮುಟ್ಟಿದರೆ ಆ ಕ್ಷಣವೇ ತಿದ್ದುತ್ತದೆ. ನಡುವೆ ಟೀ ಬಿಸ್ಕತ್ತು ಕೊಡುವುದಿಲ್ಲ, ಕೊನೆಗೆ ಸರ್ಟಿಫಿಕೇಟೂ ಇಲ್ಲ.

ಹೀಗೆ ನಾನು ಮಾತಾಡಿಕೊಂಡಿದ್ದಾಗ ನಾಗವೇಣಿ ಟೀಚರ್ ಅಂಗಡಿಗೆ ಬಂದರು. ದೊಡ್ಡಗಾಜನೂರಿನ ಹುಡುಗಿ, ನಮ್ಮ ಕಡೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳುತ್ತಾರೆ. ಮೋಟರು ತಂದಿದ್ದಾರೇನೋ ಎಂದು ನೋಡಿದರೆ ಬರೀ ಒಂದು ಗೋಣಿಚೀಲ.

"ಅಣ್ಣಾ, ಅಳೆ ತಂತಿ, ಒಡೆದ ಅಯಸ್ಕಾಂತ, ಕೆಟ್ಟ ಬೇರಿಂಗು, ಏನಾರ ಇದ್ರೆ ಕೊಡಣ್ಣ. ಮಕ್ಳಿಗೆ ಪ್ರಯೋಗ ಮಾಡಿ ತೋರುಸ್ಬೇಕು."

"ಸರ್ಕಾರ ಪ್ರಯೋಗದ ಪೆಟ್ಟಿಗೆ ಕೊಟ್ಟಿಲ್ವಾ ತಾಯಿ?"

"ಕೊಟ್ಟದೆ. ಬೀರುವಿನಾಗೆ ಮಡಗಿ ಬೀಗ ಆಕವ್ರೆ. ಒಡೆದೋದ್ರೆ ಉತ್ತರ ಏಳೋರ್ ಯಾರು?"

ಆ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಪುಸ್ತಕ ದಪ್ಪಗೆ, ತಮಿಳಿನದು ತೆಳ್ಳಗೆ ಇದೆಯಂತೆ, ಕನ್ನಡದ್ದು ಇಲ್ಲ. ಪಾಠದ ಪುಸ್ತಕದ ಕ್ಯೂಆರ್ ಚೌಕಕ್ಕೆ ಫೋನು ಹಿಡಿದರೆ ವಿಡಿಯೋ ಬರುತ್ತದಂತೆ, ಅದೂ ತಮಿಳು. ಎರಡೆರಡು ಮಾತಿಗೆ ನಿಲ್ಲಿಸಿ, ಕನ್ನಡದಲ್ಲಿ ಹೇಳಿ, ಮತ್ತೆ ಓಡಿಸಬೇಕು. ಗಡಿಯ ಆಚೆ ಚಾಮರಾಜನಗರದ ಕಡೆಯಿಂದ ಕನ್ನಡದ ಪುಸ್ತಕ ತಂದರೆ ಪಾಠಗಳೇ ಬೇರೆ. ಪಯಿರ್ಚಿಯಾದರೂ ಅಷ್ಟೆ: ದಿಂಬದ ಘಾಟಿಯ ತಿರುವುಗಳನ್ನೆಲ್ಲ ಇಳಿದು, ಆನೆ ಅಡ್ಡ ನಿಂತರೆ ಕಾದು, ತಮಿಳಿನಲ್ಲಿ ಕೇಳಿಸಿಕೊಂಡು, ಹತ್ತಿ ಬಂದು, ಕನ್ನಡದಲ್ಲಿ ಹೇಳಬೇಕು. ಇದನ್ನೆಲ್ಲ ಆ ಹೆಣ್ಣುಮಗಳು ದೂರಿನ ಹಾಗೆ ಹೇಳಲಿಲ್ಲ. ಚೀಲಕ್ಕೆ ಬೇರಿಂಗು ತುಂಬುತ್ತಾ ಹೇಳಿದರು. ನಾನು ಬಸ್ ಸ್ಟಾಂಡಿನಲ್ಲಿ ಕಂಡಿದ್ದು ಬ್ಯಾಗನ್ನು ಮಾತ್ರ.

ಎರಡು ವಾರದ ಮೇಲೆ ಮತ್ತೆ ಬಂದರು. ಬೆಟ್ಟದ ಕನ್ನಡ ಶಾಲೆಗಳ ವಿಜ್ಞಾನದ ಟೀಚರುಗಳು ತಿಂಗಳಿಗೊಂದು ಶನಿವಾರ ಇಲ್ಲೇ ಸೇರಿ, ಕನ್ನಡದಲ್ಲೇ, ಕೈಗೆ ಸಿಕ್ಕ ಸಾಮಾನಿನಲ್ಲಿ ಪ್ರಯೋಗ ಮಾಡಿ ಕಲಿಯಬೇಕೆಂಬುದು ಅವರ ಆಸೆ. ಎಲ್ಲರಿಗಿಂತ ಹಿರಿಯರಾದ ಮಾದಪ್ಪ ಹೆಡ್‌ಮಾಸ್ಟರ್ ಒಂದೇ ಒಂದು ಶನಿವಾರಕ್ಕೆ ಒಪ್ಪಿದ್ದರು. ಉಪಯೋಗ ಕಂಡರೆ ಮುಂದುವರಿಸೋಣ, ಇಲ್ಲದಿದ್ದರೆ ಎಲ್ಲರೂ ಸುಮ್ಮನೆ ಘಾಟಿ ಇಳಿಯುತ್ತಿರೋಣ ಎಂದಿದ್ದರು.

"ಮೋಟರ್ ಪಾಠಕ್ಕೆ ನೀವೇ ಬರ್ಬೇಕಣ್ಣ. ಸಂಪನ್ಮೂಲ ವ್ಯಕ್ತಿಯಾಗಿ," ಎಂದು ಒಂದು ಕಾಗದ ಕೊಟ್ಟರು. ಅದರಲ್ಲಿ ನನ್ನ ಹೆಸರು, ಹೆಸರಿನ ಹಿಂದೆ 'ಶ್ರೀ', ಮುಂದೆ ಆ ದೊಡ್ಡ ಮಾತು. ಎಂಟು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು, ಯಾವುದೋ ಬಿಲ್ಲು ಹುಡುಕುವವನಂತೆ ಹೊರತೆಗೆದು ಗಿರಾಕಿಗಳ ಮುಂದೆ ಬಿಡಿಸುತ್ತಿದ್ದೆ. ಮನೆಯಲ್ಲಿ ಹೆಂಡತಿ ಗೌರಮ್ಮನ ಮುಂದೆಯೂ ಬಿಡಿಸಿದೆ. ಅವಳು ಓದಿ ಮಡಿಸಿ ಕೊಟ್ಟಳು.

"ಎಂಟ್ನೇ ಕ್ಲಾಸ್ ಮುಗಿಸ್ದೋರ್ ಒಬ್ರೂ ಸಿಕ್ನಿಲ್ವಂತಾ ಅವ್ರ್ಗೆ?"

ನಾನು ತೋರಿಸಬೇಕೆಂದಿದ್ದು ನಮ್ಮ ಕಸುಬಿನ ಒಂದು ಗುಟ್ಟು. ಮೋಟರಿನಲ್ಲಿ ಹೊರಗಿನದು ನಿಂತೇ ಇರುವ ಕಬ್ಬಿಣದ ಬಳೆ, ಅದರ ಒಳಗೋಡೆಗೆ ತಂತಿ ಸುತ್ತಿರುತ್ತೇವೆ. ನಡುವೆ ತಿರುಗುವುದು ಬೇರೆ ಭಾಗ. ವೈಂಡಿಂಗ್ ಮುಗಿದ ಮೇಲೆ ಸರಿಯಾಗಿದೆಯೇ ಎಂದು ನೋಡಲು ಆ ತಿರುಗುವ ಭಾಗವನ್ನು ಕೂರಿಸುವುದಿಲ್ಲ. ಬಳೆಯ ನಡುವೆ ಒಂದು ಮೊಳೆ ನಿಲ್ಲಿಸಿ, ಅದರ ಮೇಲೆ ಮುಖಕ್ಕೆ ಹಚ್ಚುವ ಪೌಡರಿನ ಖಾಲಿ ಅಲ್ಯುಮಿನಿಯಮ್ ಡಬ್ಬವೊಂದನ್ನು ಬೋರಲು ಹಾಕಿ, ಬಲ್ಬಿನ ಮೂಲಕ ತಗ್ಗಿಸಿ ಸ್ವಲ್ಪವೇ ಸ್ವಲ್ಪ ಕರೆಂಟು ಬಿಡುತ್ತೇವೆ. ಯಾರೂ ಮುಟ್ಟದೆ, ಯಾವ ತಂತಿಯೂ ತಗಲದೆ ಡಬ್ಬ ಗಿರಗಿರ ತಿರುಗುತ್ತದೆ. ಮೊದಲ ಸಲ ನೋಡಿದವರು ಕೈಮುಗಿದದ್ದುಂಟು.

ನಮ್ಮ ಬೆಟ್ಟದಲ್ಲಿ ಊಟ ಆಯಿತೇ ಎಂದು ಕೇಳುವ ಮುಂಚೆ 'ತ್ರೀ ಫೇಸ್ ಬಂತಾ' ಎಂದು ಕೇಳುತ್ತೇವೆ. ಹೊಲದ ಮೋಟರಿಗೆ ಬೇಕಾದ ಮೂರು ಫೇಸಿನ ಕರೆಂಟು ಹೊತ್ತು ಹೊತ್ತಿಗೆ ಸರದಿಯಂತೆ ಬರುತ್ತದೆ. ಮದುವೆ ಮಾತುಕತೆಯನ್ನೂ ಆ ಸರದಿ ನೋಡಿಕೊಂಡು ಇಟ್ಟುಕೊಳ್ಳುತ್ತೇವೆ. ಆದ್ದರಿಂದ ನಾನು ಎಚ್ಚರದ ಮನುಷ್ಯನಾಗಿ, ಹಿಂದಿನ ದಿನವೇ ಲೈನ್‌ಮನ್‌ಗೆ ಫೋನು ಮಾಡಿ ಶನಿವಾರ ಬೆಳಿಗ್ಗೆ ತ್ರೀ ಫೇಸ್ ಇದೆಯೇ ಎಂದು ವಿಚಾರಿಸಿದೆ. ಒಂಬತ್ತರಿಂದ ಇದೆ ಎಂದರು. ಶರ್ಟು ಇಸ್ತ್ರಿ ಮಾಡಿಸಿದೆ. ಬಳೆ, ಡಬ್ಬ, ಮೊಳೆ, ಬಲ್ಬು ಎಲ್ಲ ಟಿವಿಎಸ್ಸಿಗೆ ಕಟ್ಟಿಕೊಂಡು ನಾಗವೇಣಿ ಟೀಚರ ಶಾಲೆಗೆ ಹೊರಟೆ.

ಇಪ್ಪತ್ತು ಜನ ಟೀಚರುಗಳು ಬೆಂಚಿನ ಮೇಲೆ ಕೂತಿದ್ದರು. ಮಾದಪ್ಪ ಹೆಡ್‌ಮಾಸ್ಟರ್ ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಬಸ್ಸಿನ ಹೊತ್ತು ನೋಡುತ್ತಾ. ನಾನು ಶುರು ಮಾಡಿದೆ. ಮೋಟರಿನ ಬಗ್ಗೆ ಅಲ್ಲ, ನನ್ನ ಬಗ್ಗೆ. ನಾನು ಹೇಗೆ ಕಷ್ಟಪಟ್ಟು ಮೇಲೆ ಬಂದೆ, ಪುಸ್ತಕ ಓದಿದವರಿಗೂ ಕೈಯಲ್ಲಿ ಕಲಿತವನಿಗೂ ಏನು ವ್ಯತ್ಯಾಸ ಎಂದು ಅರ್ಧ ಗಂಟೆ ಹೇಳಿದೆ. ಪುಸ್ತಕ ಓದಿದ ಇಪ್ಪತ್ತು ಜನ ಸುಮ್ಮನೆ ಕೇಳಿದರು, ಮರ್ಯಾದಸ್ಥರು. ಆಮೇಲೆ, ಈಗ ನೋಡಿ ಎಂದು ತಂತಿ ಹಿಡಿದುಕೊಂಡು ಗೋಡೆಯ ಬೋರ್ಡಿನ ಹತ್ತಿರ ಹೋದೆ.

ಅಲ್ಲಿ ಇದ್ದದ್ದು ಫ್ಯಾನು ಲೈಟಿನ ಪ್ಲಗ್ಗು. ಒಂದೇ ಫೇಸು.

ಊರಿಗೆ ತ್ರೀ ಫೇಸ್ ಬಂದಿತ್ತು, ಸರಿಯಾಗಿ ಒಂಬತ್ತಕ್ಕೇ ಬಂದಿತ್ತು. ಬಂದದ್ದು ಹೊಲಕ್ಕೆ. ಶಾಲೆಗೆ ಮೂರು ಫೇಸಿನ ಲೈನು ಯಾರೂ ಎಳೆದಿಲ್ಲ, ಎಳೆಯುವ ಕಾರಣವೂ ಇಲ್ಲ. ಮೂವತ್ತು ವರ್ಷದಿಂದ ಪಂಪಿನ ಮನೆಗಳಲ್ಲೇ ಬದುಕಿದವನಿಗೆ ಅದು ಹೊಳೆಯಲಿಲ್ಲ. ಆದರೂ ಇದ್ದ ಫೇಸನ್ನೇ ಬಲ್ಬಿನ ಮೂಲಕ ಕೊಟ್ಟೆ. ಬಳೆ ಗುಂಯ್ ಎಂದಿತು. ಡಬ್ಬ ನಡುಗಿತು. ಅಷ್ಟೆ. ಫೇಸು ಹೋದಾಗ ಮೋಟರು ಗುರುಗುಟ್ಟುತ್ತಾ ನಿಲ್ಲುತ್ತದೆ, ಆಗ ಓಡಿಸಬೇಡಿ ಎಂದು ಊರಿಗೆಲ್ಲ ಬೈದವನು ನಾನು.

"ಏನ್ ಮಲ್ಲಣ್ಣ, ನಿಮ್ ಡಬ್ಬಕ್ಕೆ ಚಳಿ ಇಡಿದದಾ?" ಎಂದರು ತಾಳಮಲೆಯ ಕುಮಾರ್ ಮೇಷ್ಟ್ರು. ಹಿಂದಿನ ಬೆಂಚು ನಕ್ಕಿತು.

ನಾನು ಶಾಲೆಯ ವೈರಿಂಗನ್ನು ಬೈದೆ. ಮೊಳೆಯನ್ನು ಬೈದೆ. ಪೌಡರ್ ಡಬ್ಬವನ್ನೂ ಬಿಡಲಿಲ್ಲ. ಮಾದಪ್ಪನವರು ಎದ್ದು ಛತ್ರಿ ತೆಗೆದುಕೊಂಡರು. "ಸರಿ ಕಣವ್ವ ನಾಗವೇಣಿ. ಅನ್ನೊಂದ್ ಗಂಟೆ ಬಸ್ಸಿಗೆ ಓಗೋರು ಓಗ್ಬೌದು." ನಾಗವೇಣಿ ಟೀಚರ ಮುಖ ನೋಡಲು ನನಗಾಗಲಿಲ್ಲ. ಅವರು ಮಾತ್ರ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು:

"ಅಣ್ಣಾ, ಒಂದೇ ಫೇಸಾದ್ರೆ ಯಾಕಣ್ಣ ತಿರುಗಲ್ಲ?"

"ಮೂರು ಬೇಕು."

"ಅದೇ, ಯಾಕೆ ಮೂರು ಬೇಕು?"

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಯಾಕೆ ಎಂದು ಕೇಳಿರಲಿಲ್ಲ. ಯಾವಾಗ ಕೊಡ್ತೀಯ ಎಂದು ಕೇಳುತ್ತಾರೆ, ಅಷ್ಟೆ. ನಾಲಿಗೆಯ ತುದಿಯಲ್ಲಿ ಮೂರು ನಿಮಿಷದ ಭಾಷಣ ಸಿದ್ಧವಾಗಿತ್ತು. ಕಾಂತ, ಶಕ್ತಿ, ಇಂಜಿನಿಯರು ಎಂಬ ಮಾತುಗಳೆಲ್ಲ ಸಾಲಾಗಿ ನಿಂತಿದ್ದವು. ಸಾಮಾನು ಕಟ್ಟಿಕೊಂಡು ಟಿವಿಎಸ್ ಹತ್ತುವುದೂ ಕಷ್ಟವಿರಲಿಲ್ಲ. ಆದರೆ ನಾನು ಎದ್ದರೆ ಅವರೆಲ್ಲ ಏಳುತ್ತಾರೆ, ಆ ಶನಿವಾರ ಅಲ್ಲಿಗೇ ಮುಗಿಯುತ್ತದೆ. ನಾನು ಹೇಳಿದೆ, ಡಬ್ಬದ ಕಡೆ ನೋಡುತ್ತಾ, ಆದಷ್ಟು ಸಣ್ಣ ದನಿಯಲ್ಲಿ:

"ನಂಗೊತ್ತಿಲ್ಲ ಕಣವ್ವ."

ನಗು ಬರುತ್ತದೆಂದು ಕಾದೆ. ಬರಲಿಲ್ಲ. ಅದರ ಬದಲು ಹಿಂದಿನ ಬೆಂಚು ಮುಂದಕ್ಕೆ ಬಂತು.

"ಅಂಗಾರೆ ನೋಡಾವ," ಎಂದು ಕುಮಾರ್ ಮೇಷ್ಟ್ರು ಬೆರಳಿನಿಂದ ಡಬ್ಬವನ್ನು ಸಣ್ಣಗೆ ತಳ್ಳಿದರು. ತಿರುಗತೊಡಗಿತು, ನಿಲ್ಲಲೇ ಇಲ್ಲ. ಇನ್ನೊಬ್ಬ ಟೀಚರ್ ಅದನ್ನು ಹಿಡಿದು ನಿಲ್ಲಿಸಿ ಆ ಕಡೆಗೆ ತಳ್ಳಿದರು. ಆ ಕಡೆಗೂ ತಿರುಗಿತು! ಮಾದಪ್ಪನವರು ಬಾಗಿಲಲ್ಲೇ ನಿಂತರು.

"ಬೀಸೋ ಕಲ್ಲು ಕಣ್ಲಾ ಕುಮಾರ," ಎಂದರು. "ಗೂಟ ನೆಟ್ಟಗೆ ನಮ್ ಮುಂದೇನೆ ಇದ್ರೆ ಎಷ್ಟ್ ಎಳುದ್ರೂ ಬರಕಿಲ್ಲ. ಒಂಚೂರು ಪಕ್ಕಕ್ಕೆ ತಳ್ಳು, ಆಮೇಲೆ ತಾನೇ ಓಯ್ತದೆ. ನಮ್ಮವ್ವನ ಜೊತೆ ಎಷ್ಟ್ ರಾಗಿ ಬೀಸಿವ್ನಿ."

"ಸುತ್ತ ಮೂರ್ ಜನ ಕುಂತಿದ್ರೆ ಸಾರ್?" ಎಂದರು ನಾಗವೇಣಿ ಟೀಚರ್.

ಅವರು ಅಡುಗೆಮನೆಯಿಂದ ಮಧ್ಯಾಹ್ನದೂಟದ ಪಾತ್ರೆಯ ಮುಚ್ಚಳ ತರಿಸಿದರು. ತಲೆಕೆಳಗು ಮಾಡಿ, ಹಿಡಿಯನ್ನು ಒಂದು ಚೊಂಬಿನ ಬಾಯೊಳಗೆ ಇಳಿಬಿಟ್ಟರು. ನಾನು ಅಂಚಿನಲ್ಲಿ ಒಂದು ತೂತು ಕೊರೆದೆ. ಅದಾದರೂ ನನಗೆ ಬರುತ್ತದೆ. ತೂತಿಗೆ ಮೂರು ದಾರ ಕಟ್ಟಿ ಮೂರು ಕಡೆ ಮೂವರು ಕೂತರು. ಒಬ್ಬರೇ ಎಳೆದಾಗ ತೂತು ಅವರ ಕಡೆ ಬಂದು ನಿಂತುಬಿಟ್ಟಿತು, ಮತ್ತೆ ಅಲುಗಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಸರದಿಯಂತೆ ಎಳೆದಾಗ ಮುಚ್ಚಳ ಸುತ್ತತೊಡಗಿತು. ಮೂರನೇ ದಾರ ಹಿಡಿದು ನೆಲದ ಮೇಲೆ ಕೂತಿದ್ದವರು ಮಾದಪ್ಪ ಹೆಡ್‌ಮಾಸ್ಟರ್. ಛತ್ರಿ ಎಲ್ಲೋ ಬಿದ್ದಿತ್ತು. ಹನ್ನೊಂದರ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಯಾರೂ ಏಳಲಿಲ್ಲ.

ನಾನು ಎಷ್ಟು ಸಾವಿರ ಮೋಟರಿಗೆ ಮೂರು ಸುತ್ತು ಬೇರೆ ಬೇರೆಯಾಗಿ ಹಾಕಿದ್ದೇನೋ ಲೆಕ್ಕವಿಲ್ಲ. ಉಸ್ತಾದರು ಹಾಕು ಎಂದರು, ಹಾಕಿದೆ. ಆ ಮೂರೂ ಸರದಿಯಂತೆ ಎಳೆಯುತ್ತಿವೆ ಎಂಬುದು ನನಗೆ ತಿಳಿದದ್ದು ಅವತ್ತು, ಅಡುಗೆಮನೆಯ ಮುಚ್ಚಳದಿಂದ. ಕೈಯಲ್ಲಿ ಕಲಿತವನು ಎಂದು ಎದೆ ತಟ್ಟಿಕೊಂಡ ಅರ್ಧ ಗಂಟೆಯನ್ನು ವಾಪಸು ತೆಗೆದುಕೊಳ್ಳುವ ಉಪಾಯ ಇದ್ದಿದ್ದರೆ ತೆಗೆದುಕೊಳ್ಳುತ್ತಿದ್ದೆ. ಕೈ ಕಲಿತಿತ್ತು, ಅದು ಸುಳ್ಳಲ್ಲ. ಕೈ ತನಗೆ ಗೊತ್ತಿದ್ದುದನ್ನು ನನಗೆ ಹೇಳಿರಲಿಲ್ಲ. ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ: ತಂತಿ ತಗಲದೆ ಅಲ್ಯುಮಿನಿಯಮ್ ಡಬ್ಬ ಯಾಕೆ ತಿರುಗಬೇಕು? ಅಯಸ್ಕಾಂತ ಅದನ್ನು ಅಂಟಿಸಿಕೊಳ್ಳುವುದಿಲ್ಲವಲ್ಲ. ಕುಮಾರ್ ಮೇಷ್ಟ್ರು ಹೇಳಿದರು, ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದೂ ಹೇಳಿದೆ. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಸುಲಭ.

ಸಂಜೆ ಮಾದಪ್ಪನವರು ಮುಂದಿನ ತಿಂಗಳಿನ ಶನಿವಾರವನ್ನು ತಮ್ಮ ಕೈಯಿಂದಲೇ ಪುಸ್ತಕದಲ್ಲಿ ಬರೆದರು. ಸಹಿ ಹಾಕುವಾಗ ನನ್ನ ಹೆಸರಿಗೆ ಬೇರೆ ಹಾಳೆ ಇತ್ತು, ಕಲಿಸುವವರದ್ದು, ಖಾಲಿಯಾಗಿ. ನಾನು ಕಲಿಯುವವರ ಹಾಳೆಯಲ್ಲಿ ಕೊನೆಗೆ ಹಾಕಿದೆ. ದೊಡ್ಡತನದಿಂದಲ್ಲ; ಕಲಿಸುವವರನ್ನು ಪ್ರತಿ ಸಲ ಕರೆಯುವುದಿಲ್ಲ, ಕಲಿಯುವವರು ಕರೆಯದೆಯೂ ಬರಬಹುದು ಎಂದು ನಾಗವೇಣಿ ಟೀಚರ್ ಹೇಳಿದ್ದರು.

ಈಗಿನ ಲೆಕ್ಕ ಇಷ್ಟು: ನಡೆದ ಶನಿವಾರ ಒಂಬತ್ತು, ನಾನು ಹೋದದ್ದು ಎಂಟು. ನಾವೇ ಕನ್ನಡದಲ್ಲಿ ಬರೆದಿಟ್ಟ ಪ್ರಯೋಗ ಇಪ್ಪತ್ತಮೂರು. ನನ್ನ ನೋಟ್‌ಬುಕ್ಕಿನಲ್ಲಿ ಉತ್ತರ ಗೊತ್ತಾದ ಪ್ರಶ್ನೆ ಆರು, ಗೊತ್ತಿಲ್ಲದ್ದು ಹದಿನೇಳು.